ಬ್ರಿಡ್ಜ್ ಕೋರ್ಸ್ ಮುಚ್ಚುತ್ತಾರಂತೆ, ತಡೆಯೋದು ಹೇಗೆ?

ಪ್ರಶ್ನೆ: ಬೆಂಗಳೂರಿನ ಅನುದಾನಿತ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ ನಮ್ಮಲ್ಲಿ ಮೂರು ವಾರದ ಬ್ರಿಡ್ಜ್ ಕೋರ್ಸ್, ಸಂಜೆ ತರಗತಿ, ಬುಕ್ ಬ್ಯಾಂಕ್ ಇವೆ. ಹಾಜರಾತಿ ಕಡಿಮೆ, ಮುಂದಿನ ವರ್ಷದಿಂದ ಇರೋದಿಲ್ಲ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಪ್ರತಿಭಟನೆ ಮಾಡಬೇಕು. ಎಲ್ಲಿಂದ ಶುರು ಮಾಡೋದು?

ಉತ್ತರ:

ಪ್ರತಿಭಟನೆಯ ದಿನಾಂಕ ಗೊತ್ತು ಮಾಡುವ ಮೊದಲು ಒಂದು ಕೆಲಸ ಮಾಡಿ. "ಮುಚ್ಚುತ್ತೇವೆ" ಅನ್ನೋದನ್ನು ಬರವಣಿಗೆಯಲ್ಲಿ ತರಿಸಿ. ಇಂಥ ಕಾರ್ಯಕ್ರಮಗಳು ಆದೇಶ ಹೊರಡಿಸಿ ಮುಚ್ಚುವುದು ಅಪರೂಪ. ಟೈಮ್‌ಟೇಬಲ್‌ನಲ್ಲಿ ಜಾಗ ಸಿಗೋದಿಲ್ಲ, ಪಾಠ ಮಾಡುವವರ ಗೌರವಧನ ಬಾಕಿ ಉಳಿಯುತ್ತದೆ, ಅವರು ಬರುವುದು ನಿಲ್ಲಿಸುತ್ತಾರೆ, ಬುಕ್ ಬ್ಯಾಂಕಿನ ಬೀರುವಿಗೆ ಬೀಗ ಬೀಳುತ್ತದೆ. ಒಂದು ವರ್ಷ ಕಳೆದ ಮೇಲೆ ಕೇಳಿದರೆ "ಮುಚ್ಚಿದ್ದೇವೆ ಅಂತ ಹೇಳಿದ್ದು ಯಾರು?" ಅನ್ನುತ್ತಾರೆ. ಬಾಯಿಮಾತಿನ ವಿರುದ್ಧ ಎಷ್ಟು ಘೋಷಣೆ ಕೂಗಿದರೂ ಅದು ಗಾಳಿಗೆ ಗುದ್ದಿದ ಹಾಗೆ.

ಹಾಗಾಗಿ ಮೊದಲ ದಿನವೇ ಒಂದು ಪುಟದ ಪತ್ರ ಬರೆಯಿರಿ. ಇಂಥ ದಿನ, ಇಂಥ ಸಭೆಯಲ್ಲಿ ತಾವು ಹೀಗೆ ಹೇಳಿದಿರಿ. ಇದು ಆಡಳಿತ ಮಂಡಳಿಯ ನಿರ್ಣಯವೇ? ಆಗಿದ್ದರೆ ನಡಾವಳಿಯ ಪ್ರತಿ ಕೊಡಿ. ನಿರ್ಣಯ ಇನ್ನೂ ಆಗಿಲ್ಲದಿದ್ದರೆ, ವಿದ್ಯಾರ್ಥಿಗಳ ಮಾತು ಕೇಳದೆ ಮಾಡುವುದಿಲ್ಲ ಅಂತ ಬರೆದುಕೊಡಿ. ಇಷ್ಟು ಸಾಕು. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಟೇಬಲ್ ಮೇಲೆ ಇಟ್ಟು ಹೋಗಿ" ಅಂದರೆ ಇಟ್ಟು ಬರಬೇಡಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ನೀವು ಮಾಡುವ ಎಲ್ಲ ಕೆಲಸಕ್ಕೂ ಈ ಹಾಳೆಯೇ ಬುನಾದಿ.

ಎರಡನೆಯದು, ಈ ಕಾರ್ಯಕ್ರಮಕ್ಕೆ ದುಡ್ಡು ಯಾರದು ಅಂತ ತಿಳಿದುಕೊಳ್ಳಿ. ಯುಜಿಸಿಯ ರೆಮಿಡಿಯಲ್ ಕೋಚಿಂಗ್ ಯೋಜನೆಯಲ್ಲಿ ಶುರುವಾಗಿ ಅನುದಾನ ನಿಂತಿದೆಯೋ, ಆಡಳಿತ ಮಂಡಳಿಯ ಸ್ವಂತ ಹಣವೋ, ಪರಿಶಿಷ್ಟ ಜಾತಿ, ಪಂಗಡಗಳಿಗೆ ಸರ್ಕಾರ ಮೀಸಲಿಡುವ ಉಪಯೋಜನೆಯ (ಎಸ್‌ಸಿಎಸ್‌ಪಿ-ಟಿಎಸ್‌ಪಿ) ಹಣವೋ? ಒಂದೊಂದಕ್ಕೂ ಬಾಗಿಲು ಬೇರೆ. ಮಂಡಳಿಯ ಹಣ ಆಗಿದ್ದರೆ ಇಲಾಖೆಯ ಮುಂದೆ ಕೂತು ಪ್ರಯೋಜನವಿಲ್ಲ. ಸರ್ಕಾರದ ಹಣ ಬರುವುದು ನಿಂತಿದ್ದರೆ ಪ್ರಿನ್ಸಿಪಾಲರನ್ನು ಬೈದು ಪ್ರಯೋಜನವಿಲ್ಲ, ಅವರನ್ನು ನಿಮ್ಮ ಕಡೆ ಎಳೆದುಕೊಳ್ಳಬೇಕು. ಉಪಯೋಜನೆಯ ಹಣಕ್ಕೆ ಕರ್ನಾಟಕದಲ್ಲಿ 2013ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಆ ಹಣ ಬಂದಿದ್ದು ನಿಜವಾದರೆ ಸಮಾಜ ಕಲ್ಯಾಣ ಇಲಾಖೆಯನ್ನೂ ಕೇಳಬಹುದು.

ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮದು ಅನುದಾನಿತ ಕಾಲೇಜಾದ್ದರಿಂದ ಕೇಳುವ ಹಕ್ಕಿದೆ. ಕರ್ನಾಟಕದ ನಿಯಮದಂತೆ ನಮೂನೆ-ಎ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು "ಯಾಕೆ ಮುಚ್ಚುತ್ತಿದ್ದೀರಿ?" ಅಂತ ಕೇಳುವುದು. ಕಾರಣ ವಿವರಿಸುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ, ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಕಡತದಲ್ಲಿ ಇರುವುದನ್ನು ಕೇಳಿ: ಕಾರ್ಯಕ್ರಮ ಆರಂಭಿಸಿದ ಆದೇಶದ ನಕಲು, ಕಳೆದ ಐದು ವರ್ಷ ವರ್ಷವಾರು ಬಂದ ಹಣ ಮತ್ತು ಆದ ಖರ್ಚು, ದಾಖಲಾದವರ ಸಂಖ್ಯೆ, ನಿಲ್ಲಿಸುವ ಬಗ್ಗೆ ಇರುವ ಟಿಪ್ಪಣಿ ಮತ್ತು ನಡಾವಳಿ. ವಿದ್ಯಾರ್ಥಿಗಳ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸುತ್ತಾರೆ. ಉತ್ತರಕ್ಕೆ 30 ದಿನ ಗಡುವು, ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅರ್ಜಿದಾರರಾಗಿ ಈಗಾಗಲೇ ಪದವಿ ಮುಗಿಸಿದ ಹಳೆಯ ವಿದ್ಯಾರ್ಥಿಯೊಬ್ಬರು ಸಹಿ ಹಾಕಲಿ. ಅವರಿಗೆ ಇಂಟರ್ನಲ್ ಮಾರ್ಕ್ಸ್ ಚಿಂತೆ ಇಲ್ಲ.

ಆ 30 ದಿನದೊಳಗೇ, ಯಾರನ್ನೂ ಕೇಳದೆ ಸಿಗುವ ಒಂದು ದಾಖಲೆ ಇದೆ. ನಿಮ್ಮ ಕಾಲೇಜು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮಾನ್ಯತೆ ಪಡೆದಿದ್ದರೆ, ಅದರ ಸ್ವಯಂ ಅಧ್ಯಯನ ವರದಿ ಮತ್ತು ವಾರ್ಷಿಕ ಗುಣಮಟ್ಟ ವರದಿಗಳು ಕಾಲೇಜಿನ ವೆಬ್‌ಸೈಟ್‌ನಲ್ಲೇ ಇರಬೇಕು. ಎರಡನೇ ಮಾನದಂಡದಲ್ಲಿ ವಿದ್ಯಾರ್ಥಿ ವೈವಿಧ್ಯದ ಭಾಗ ನೋಡಿ, ಕಲಿಕೆಯಲ್ಲಿ ಹಿಂದೆ ಇರುವವರಿಗೆ ಕಾಲೇಜು ಏನು ಮಾಡುತ್ತದೆ ಅಂತ ಅಲ್ಲಿ ಬರೆದಿರುತ್ತಾರೆ. ಐದನೇ ಮಾನದಂಡ ವಿದ್ಯಾರ್ಥಿ ಬೆಂಬಲದ್ದು. ಬ್ರಿಡ್ಜ್ ಕೋರ್ಸ್, ರೆಮಿಡಿಯಲ್ ತರಗತಿಗಳನ್ನು ಕಾಲೇಜುಗಳು ಹೆಮ್ಮೆಯಿಂದ ಫೋಟೋ ಸಮೇತ ತೋರಿಸುವುದು ಈ ಎರಡು ಕಡೆ. "ಯಾರೂ ಬರುವುದಿಲ್ಲ" ಅನ್ನುವ ಕಾಲೇಜೇ ಆ ವರದಿಯಲ್ಲಿ "ನೂರಾರು ಮಂದಿ ಪ್ರಯೋಜನ ಪಡೆದಿದ್ದಾರೆ" ಅಂತ ಬರೆದಿದ್ದರೆ, ನಿಮ್ಮ ಕರಪತ್ರಕ್ಕೆ ಬೇರೆ ಮಾತೇ ಬೇಡ. ಆ ಪುಟಗಳನ್ನೂ ಹಳೆಯ ಪ್ರಾಸ್ಪೆಕ್ಟಸ್‌ಗಳನ್ನೂ ಇವತ್ತೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗಲಾಟೆ ಶುರುವಾದ ಮೇಲೆ ಲಿಂಕ್‌ಗಳು ಕಾಣೆಯಾಗುವುದುಂಟು.

ಈಗ ಹಾಜರಾತಿಯ ಮಾತು. ಇಡೀ ವಾದ ನಿಂತಿರುವುದೇ ಇದರ ಮೇಲೆ, ಆದ್ದರಿಂದ ಇದಕ್ಕೆ ನಿಮ್ಮ ಅರ್ಧ ಶ್ರಮ ಹಾಕಿ. ಸಂಜೆ ತರಗತಿ ಎಷ್ಟು ಗಂಟೆಗೆ? ನಾಲ್ಕೂವರೆಗೆ ಶುರುವಾಗಿ ಆರಕ್ಕೆ ಬಿಟ್ಟರೆ ಮಾಗಡಿ, ಕನಕಪುರ, ದೊಡ್ಡಬಳ್ಳಾಪುರ, ಆನೇಕಲ್ ಕಡೆಯ ಹಳ್ಳಿಗಳಿಂದ ದಿನಾ ಓಡಾಡುವವರು ಮನೆ ಸೇರುವುದು ರಾತ್ರಿ. ಹುಡುಗಿಯರನ್ನು ಮನೆಯವರು ಬಿಡುವುದಿಲ್ಲ. ಹುಡುಗರಲ್ಲಿ ಹಲವರಿಗೆ ಐದು ಗಂಟೆಯ ನಂತರ ಡೆಲಿವರಿ ಕೆಲಸ, ಅಂಗಡಿ ಕೆಲಸ. ಅವರು ಎದ್ದು ಹೋದದ್ದು ತರಗತಿ ಬೇಡವಾಗಿ ಅಲ್ಲ, ಬಸ್ಸು ತಪ್ಪುತ್ತದೆ ಅಂತ. ಇದನ್ನು ಭಾಷಣದಲ್ಲಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ, ಅಂಕಿಯಲ್ಲಿ ತೋರಿಸಬೇಕು. ಒಂದು ಹಾಳೆಯಲ್ಲಿ ಐದು ಪ್ರಶ್ನೆ ಹಾಕಿ: ಎಲ್ಲಿಂದ ಬರುತ್ತೀರಿ, ಕೊನೆಯ ಅನುಕೂಲದ ಬಸ್ಸು ಎಷ್ಟಕ್ಕೆ, ಸಂಜೆ ಕೆಲಸ ಇದೆಯೇ, ಬ್ರಿಡ್ಜ್ ಕೋರ್ಸ್‌ಗೆ ಎಷ್ಟು ದಿನ ಬಂದಿರಿ, ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ವಿಷಯ ಬಾಕಿ ಉಳಿಯಿತು. ಹೆಸರು ಬೇಡ. ಬ್ರಿಡ್ಜ್ ಕೋರ್ಸ್‌ಗೆ ಪೂರ್ತಿ ಬಂದವರದ್ದೂ ಬಾರದವರದ್ದೂ ಬಾಕಿ ವಿಷಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಅದೇ ನಿಮ್ಮ ಮೊದಲ ಪುಟ. ವ್ಯತ್ಯಾಸ ಕಾಣದಿದ್ದರೆ ಸುಳ್ಳು ಅಂಕಿ ಹಾಕಬೇಡಿ. ಸಮಯ ಬದಲಿಸಿ, ಬೆಳಿಗ್ಗೆ ಎಂಟಕ್ಕೆ ಅಥವಾ ಮಧ್ಯಾಹ್ನದ ಬಿಡುವಿಗೆ ತನ್ನಿ ಅನ್ನುವ ಬೇಡಿಕೆ ಆಗಲೂ ಗಟ್ಟಿಯಾಗಿಯೇ ಇರುತ್ತದೆ.

ಜೊತೆಗೆ, ಈ ತರಗತಿ ಏನು ಮಾಡುತ್ತದೆ ಅನ್ನುವುದನ್ನು ಮಂಡಳಿಯವರ ಕಣ್ಣಿಗೆ ಕಾಣುವಂತೆ ಇಡಿ. "ಸವಕಳಿ" ಅಂತ ಓದಿ ಲೆಕ್ಕ ಸರಿಯಾಗಿ ಬಿಡಿಸುತ್ತಿದ್ದ ಹುಡುಗಿಗೆ ಬಿ.ಕಾಂ. ಮೊದಲ ವಾರ ಬೋರ್ಡಿನ ಮೇಲೆ ಡಿಪ್ರಿಸಿಯೇಷನ್ ಅಂತ ಕಾಣುತ್ತದೆ. ಅಢಾವೆ ಪತ್ರಿಕೆ ಬ್ಯಾಲೆನ್ಸ್ ಶೀಟ್ ಆಗಿರುತ್ತದೆ. ಲೆಕ್ಕ ಅದೇ, ಆದರೆ ಪದ ಗೊತ್ತಾಗುವಷ್ಟರಲ್ಲಿ ಮೂರು ಅಧ್ಯಾಯ ಮುಗಿದಿರುತ್ತವೆ, ಕೈ ಎತ್ತಿ ಕೇಳಲು ಇಂಗ್ಲಿಷ್ ಬರುವುದಿಲ್ಲ. ಆ ಮೂರು ವಾರದಲ್ಲಿ ಮಾಡುವುದು ಈ ಪದಗಳ ಸೇತುವೆ. ಒಂದೇ ಲೆಕ್ಕವನ್ನು ಎರಡೂ ಭಾಷೆಯಲ್ಲಿ ಒಂದು ಪುಟಕ್ಕೆ ಮುದ್ರಿಸಿ ಮನವಿಗೆ ಲಗತ್ತಿಸಿ. ದಡ್ಡರಿಗೆ ಟ್ಯೂಷನ್ ಅನ್ನುವ ತಪ್ಪು ಕಲ್ಪನೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

"ಮುಚ್ಚುತ್ತಿಲ್ಲ, ವಿಲೀನ ಮಾಡುತ್ತಿದ್ದೇವೆ" ಅನ್ನುವ ಮಾತು ಬರಬಹುದು, ಎಚ್ಚರ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಜನರಲ್ ಕಾಲೇಜ್ ಶುರುವಾಗಿತ್ತು, ನೇರ ಪ್ರವೇಶ ಸಿಗದವರಿಗೆ ಅದು ಒಳಬರುವ ಬಾಗಿಲು. ನಮ್ಮ ಹಸಿರು ಕ್ರಾಂತಿಗೆ ಗೋಧಿ ತಳಿ ಕೊಟ್ಟ ನಾರ್ಮನ್ ಬೋರ್ಲಾಗ್ ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಆ ಬಾಗಿಲಿನಿಂದ ಒಳಗೆ ಹೋದವರು. 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. 2005ರಲ್ಲಿ ವಿದ್ಯಾರ್ಥಿಗಳು ಆಡಳಿತ ಕಟ್ಟಡದಲ್ಲಿ ಧರಣಿ ಕೂತರೂ, ಜೂನ್‌ನಲ್ಲಿ ಆಡಳಿತ ಮಂಡಳಿ ಮತ ಹಾಕಿ ಜನರಲ್ ಕಾಲೇಜನ್ನು ಇನ್ನೊಂದು ಕಾಲೇಜಿನ ಒಳಗಿನ ವಿಭಾಗವಾಗಿಸಿತು. ಆ ಹೊತ್ತಿಗೆ ತರಗತಿಗಳು ಮುಗಿದಿದ್ದವು. ನಿಮ್ಮಲ್ಲೂ ಪರೀಕ್ಷೆಯ ರಜೆಯಲ್ಲೇ ಮಂಡಳಿಯ ಸಭೆ ಇದೆಯೇ ಅಂತ ಮೊದಲೇ ವಿಚಾರಿಸಿ, ಸಭೆಗೆ ಎರಡು ವಾರ ಮುಂಚೆ ಹೋರಾಟ ಜೋರಾಗಿರಲಿ. ವಿಲೀನದ ಮಾತು ಬಂದರೆ ನಾಲ್ಕು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ, ಯಾವ ಕೊಠಡಿ, ಯಾವ ಅಧ್ಯಾಪಕರು, ಎಷ್ಟು ಹಣ. ನಾಲ್ಕಕ್ಕೂ ಉತ್ತರ ಇಲ್ಲದ ವಿಲೀನ ಮುಚ್ಚುವಿಕೆಯೇ.

ಪ್ರತಿಭಟನೆಯ ಜಾಗದ ವಿಷಯಕ್ಕೆ ಬರೋಣ. ಬೆಂಗಳೂರಲ್ಲಿ ರಸ್ತೆಯಲ್ಲಿ ಧರಣಿ, ಮೆರವಣಿಗೆಗೆ ಅವಕಾಶವಿಲ್ಲ. 2021ರ ಪೊಲೀಸ್ ಕಮಿಷನರ್ ಆದೇಶ, ಅದರ ಮೇಲೆ 2022ರಲ್ಲಿ ಹೈಕೋರ್ಟ್ ಕೊಟ್ಟ ನಿರ್ದೇಶನದಂತೆ ಫ್ರೀಡಂ ಪಾರ್ಕ್ ಒಂದೇ ಜಾಗ. ಕಾಲೇಜು ಗೇಟಿನ ಹೊರಗಿನ ಫುಟ್‌ಪಾತ್ ಕೂಡ ಸಾರ್ವಜನಿಕ ಸ್ಥಳವೇ, ಅಲ್ಲಿ ಕೂತರೆ ಕೇಸು ಬೀಳಬಹುದು. ಆದ್ದರಿಂದ ನಾನು ಹೇಳುವುದು, ಮೊದಲ ಹಂತ ಕ್ಯಾಂಪಸ್ ಒಳಗೇ ಇರಲಿ. ಊಟದ ಬಿಡುವಿನಲ್ಲಿ 40 ನಿಮಿಷ, ಮೈಕಿಲ್ಲದೆ, ಪಠ್ಯಪುಸ್ತಕ ಹಿಡಿದು ಸಾಲಾಗಿ ಕೂತು ಬ್ರಿಡ್ಜ್ ಕೋರ್ಸ್‌ನ ಒಂದು ಪಾಠವನ್ನೇ ಮಾಡಿ. ಪ್ರಿನ್ಸಿಪಾಲರಿಗೆ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಿ. ಫ್ಲೆಕ್ಸ್ ಬೇಡ, ಬಟ್ಟೆ ಬ್ಯಾನರ್ ಸಾಕು. ಗೋಡೆಗೆ ಪೋಸ್ಟರ್ ಅಂಟಿಸಿದರೆ ಸಾರ್ವಜನಿಕ ಸ್ಥಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆಯಡಿ ಅಪರಾಧ, ಕೈಯಲ್ಲಿ ಹಿಡಿಯಿರಿ.

ಫ್ರೀಡಂ ಪಾರ್ಕಿಗೆ ಹೋಗಲೇಬೇಕಾದರೆ ಉಪ್ಪಾರಪೇಟೆ ಠಾಣೆಗೆ ಒಂದು ವಾರ ಮುಂಚೆ ಅರ್ಜಿ ಕೊಡಿ: ದಿನಾಂಕ, ಶುರುವಾಗುವ ಮತ್ತು ಮುಗಿಯುವ ಸಮಯ, ಅಂದಾಜು ಸಂಖ್ಯೆ, ಜವಾಬ್ದಾರಿ ಹೊರುವವರ ಫೋನ್ ನಂಬರ್, ಮೈಕ್ ಬೇಕೋ ಬೇಡವೋ. ಸಂಖ್ಯೆ ಹೆಚ್ಚು ಹೇಳಿ ಕಡಿಮೆ ಜನ ಬಂದರೆ ಮರುದಿನ ಪತ್ರಿಕೆಯಲ್ಲಿ ಅದೇ ಸುದ್ದಿ. ಸೆಂಟ್ರಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ನಡೆದು ಹೋಗಬಹುದು, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಹಾಗಾಗಿ ಚಂದಾ ಎತ್ತುವ ಅಗತ್ಯ ಇಲ್ಲ, ಚಂದಾ ಎತ್ತಿದಲ್ಲಿ ಜಗಳ ಹುಟ್ಟುತ್ತದೆ. ಡಿಸೆಂಬರ್‌ನಲ್ಲಿ ಅಧಿವೇಶನ ಬೆಳಗಾವಿಗೆ ಹೋದಾಗ ಇಲ್ಲಿ ಕೂರಬೇಡಿ, ಮನವಿ ತೆಗೆದುಕೊಳ್ಳಲು ಸಚಿವರೇ ಊರಲ್ಲಿರುವುದಿಲ್ಲ. ಆ ಸಮಯಕ್ಕೆ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರೊಬ್ಬರ ಮೂಲಕ ಪ್ರಶ್ನೆ ಕೇಳಿಸಿ. ಸದನದಲ್ಲಿ ಬಂದ ಉತ್ತರ ಸರ್ಕಾರದ ದಾಖಲೆಯಾಗುತ್ತದೆ.

ಬೀದಿಯ ಜೊತೆಗೆ ಕುಂದುಕೊರತೆಯ ದಾರಿಯನ್ನೂ ಬಿಡಬೇಡಿ. ಯುಜಿಸಿಯ 2023ರ ನಿಯಮದಂತೆ ಪ್ರತಿ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಮಹಿಳೆ ಮತ್ತು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು ಇರಲೇಬೇಕು. ಪ್ರಾಸ್ಪೆಕ್ಟಸ್‌ನಲ್ಲಿ ಹೇಳಿದ ಸೌಲಭ್ಯ ಕೊಡದಿರುವುದು ಆ ನಿಯಮದಲ್ಲಿ ಕುಂದುಕೊರತೆ ಅಂತಲೇ ಇದೆ. ಹಳೆಯ ಪ್ರಾಸ್ಪೆಕ್ಟಸ್ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಸಮಿತಿ ಸಾಧಾರಣವಾಗಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿ ಆಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ.

ಹೋರಾಟ ಹಾಳಾಗುವುದು ಹೊರಗಿನಿಂದ ಅಲ್ಲ, ಒಳಗಿನಿಂದ. ಬೇಡಿಕೆ ಮೂರಕ್ಕಿಂತ ಹೆಚ್ಚಾದರೆ ಕ್ಯಾಂಟೀನ್ ರೇಟಿನ ಬೇಡಿಕೆಯನ್ನು ಒಪ್ಪಿ ಮುಖ್ಯವಾದದ್ದನ್ನು ಬಿಡುತ್ತಾರೆ. ಯಾವುದೋ ಪಕ್ಷದ ಬಾವುಟ ಮುಂದೆ ಬಂದರೆ ಅರ್ಧ ಜನ ಹಿಂದೆ ಸರಿಯುತ್ತಾರೆ, ಬೆಂಬಲಿಸುವ ಎಲ್ಲ ಸಂಘಟನೆಗಳೂ ಬರಲಿ, ಬಾವುಟ ಮನೆಯಲ್ಲಿ ಬಿಟ್ಟು ಬರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಶೇ. 75 ಹಾಜರಾತಿಯ ಅಂಚಿನಲ್ಲಿ ಇರುವವರನ್ನು, ಸ್ಕಾಲರ್‌ಶಿಪ್ ಮತ್ತು ಹಾಸ್ಟೆಲ್ ನೆಚ್ಚಿಕೊಂಡವರನ್ನು ತರಗತಿ ಬಿಡಿಸಿ ಕೂರಿಸಬೇಡಿ. ಯಾರಿಗಾಗಿ ಹೋರಾಟವೋ ಅವರೇ ಮೊದಲು ಪೆಟ್ಟು ತಿನ್ನಬಾರದು. ಮುಂದೆ ನಿಲ್ಲುವವರು ಆ ಹೆದರಿಕೆ ಇಲ್ಲದವರಾಗಿರಲಿ, ಸರದಿಯ ಪ್ರಕಾರ ಕೂರಲಿ. ನೋಟಿಸ್ ಬಂದರೆ ಬಾಯಲ್ಲಿ ಉತ್ತರ ಕೊಡಬೇಡಿ. ಎಸ್‌ಸಿ, ಎಸ್‌ಟಿ ಮತ್ತು ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100.

ಕೊನೆಗೆ ಒಪ್ಪಂದಕ್ಕೆ ಕರೆದರೆ ಕನಿಷ್ಠ ಐದು ಜನ ಹೋಗಿ, ಒಬ್ಬರು ಬರೆದುಕೊಳ್ಳಲಿ. "ಮುಂದುವರಿಸಲು ಪರಿಶೀಲಿಸಲಾಗುವುದು" ಅನ್ನುವ ವಾಕ್ಯಕ್ಕೆ ಸಹಿ ಹಾಕಬೇಡಿ. ಎಷ್ಟು ವಾರ, ಯಾವ ಸಮಯ, ಯಾರು ಸಂಯೋಜಕರು, ಗೌರವಧನ ಯಾವ ತಿಂಗಳು ಪಾವತಿ ಅಂತ ಬರೆಸಿ. ಪ್ರವೇಶ ಶುರುವಾಗುವಾಗ ಹೊಸ ಪ್ರಾಸ್ಪೆಕ್ಟಸ್ ತೆಗೆದು ಆ ಪುಟ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅದೇ ದಿನ, ಸೀಲು ಹಾಕಿಸಿದ ಮೊದಲ ಪತ್ರದ ಪ್ರತಿ ಹಿಡಿದು ಆಫೀಸಿಗೆ ಹೋಗಿ.