ಬ್ಯಾಂಡ್ ಕೊಹಿಬಾ, ಒಳಗೆ ಕಡ್ಡಿಪುಡಿ

ಹೋದ ಸಂಚಿಕೇಲಿ ಯಾರಿಗೋ ಉತ್ತರ ಕೊಡೋ ಭರದಲ್ಲಿ ನನಗೆ ಸಿಗಾರ್ ಹುಚ್ಚಿದೆ ಅಂತ ಒಂದು ಸಾಲು ಬರೆದಿದ್ದೇ ತಪ್ಪಾಯ್ತು, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ. ಕೆಲವಕ್ಕೆ ಮಾತ್ರ ಇಲ್ಲಿ ಉತ್ತರ ಕೊಟ್ಟಿದೀನಿ. ಸೇದದೇ ಇರೋರು ಇದನ್ನ ಓದಿ ಶುರು ಹಚ್ಕೋಬೇಡಿ ಅಂತ ಮೊದಲೇ ಹೇಳ್ಬಿಡ್ತೀನಿ, ಯಾಕೆ ಅಂತ ಕೆಳಗೆ ಬರುತ್ತೆ.

ಪ್ರಶ್ನೆ: ನಮ್ಮ ಭಾವ ಕೆನಡಾದಲ್ಲಿರೋದು. ರಜೆಗೆ ಕ್ಯೂಬಾಕ್ಕೆ ಹೋಗಿದ್ದವರು ಬರುವಾಗ ನಂಗೆ ಒಂದು ಬಾಕ್ಸ್ ಕೊಹಿಬಾ ಬ್ರ್ಯಾಂಡಿನ ಸಿಗಾರ್ ತಂದ್ರು. ಮೇಲೆ ಗಾಜಿನ ಮುಚ್ಚಳ, ನೋಡ್ಲಿಕ್ಕೆ ಭಾರೀ ಚಂದ ಉಂಟು. ಬೀಚಲ್ಲಿ ಸಿಕ್ಕಿದ ಒಬ್ಬ, ಅವನ ಚಿಕ್ಕಪ್ಪ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ ಅಂತ ಹೇಳಿ ಅರ್ಧ ರೇಟಿಗೆ ಕೊಟ್ಟದ್ದಂತೆ. ಅಸಲಿಯಾ ಸರ್?
– ಮಂಗಳೂರಿನ ಓದುಗರು

ಉತ್ತರ: ಮಾರಾಯ್ರೆ, ಗಾಜಿನ ಮುಚ್ಚಳ ಅಂದಲ್ಲಿಗೇ ಉತ್ತರ ಮುಗೀತು. ಕೊಹಿಬಾದವರು ಗಾಜಿನ ಮುಚ್ಚಳದ ಬಾಕ್ಸಲ್ಲಿ ಸಿಗಾರ್ ಮಾರೋದೇ ಇಲ್ಲ. ಆ ಬಾಕ್ಸು ಟೂರಿಸ್ಟುಗಳಿಗೆ ಅಂತಲೇ ಹುಟ್ಟಿದ್ದು, ಭಾವನ ಹತ್ರ ಇದನ್ನ ಹೇಳ್ಬೇಡಿ ಪಾಪ, ಪ್ರೀತಿಯಿಂದ ತಂದಿದಾರೆ.

ಆ ಚಿಕ್ಕಪ್ಪ ನನಗೂ ಸಿಕ್ಕಿದ್ದ. ನನ್ನ ಪಾಲಿಗೆ ಅವನು ಅಣ್ಣ ಆಗಿದ್ದ ಅಷ್ಟೇ. ಹಳೇ ಹವಾನಾದ ಒಂದು ಗಲ್ಲೀಲಿ ಹುಡುಗ ಒಬ್ಬ ಮಾತಾಡ್ಸಿ, ಕತ್ತಲೆ ಮೆಟ್ಟಿಲು ಹತ್ತಿಸಿ, ಮಂಚದ ಕೆಳಗಿಂದ ಟವೆಲಲ್ಲಿ ಸುತ್ತಿದ್ದ ಬಾಕ್ಸ್ ತೆಗೆದ, ನಾನೋ ಏನೋ ಕಳ್ಳಸಾಗಣೆ ಹೀರೋ ಥರ ಎದೆ ಢವಢವ ಅಂತಿದ್ರೂ ಚೌಕಾಸಿ ಮಾಡಿ ಗೆದ್ದೆ ಅಂದ್ಕೊಂಡು ಇಳಿದು ಬಂದೆ. ಹೋಟೆಲಿಗೆ ಬಂದು ಹಚ್ಚಿದ್ರೆ ಎಳೆಯೋಕೇ ಆಗ್ತಿಲ್ಲ, ಕೆನ್ನೆ ನೋವು ಬಂತು. ಸಿಟ್ಟಿಗೆ ಬ್ಲೇಡ್ ತಗೊಂಡು ಉದ್ದಕ್ಕೂ ಸೀಳಿದೆ. ಅಸಲಿ ಆಗಿದ್ರೆ ಒಳಗೆ ಉದ್ದುದ್ದ ಎಲೆಗಳು ಸೀರೆ ನೆರಿಗೆ ಥರ ಮಡಿಸ್ಕೊಂಡು ತಲೆಯಿಂದ ಬುಡದವರೆಗೆ ಹೋಗಿರ್ಬೇಕು. ನನ್ನದರಲ್ಲಿ ಇದ್ದದ್ದು ಚೂರು, ಧೂಳು, ಎಲೆಯ ನಡುನರ. ಥೇಟ್ ಕಡ್ಡಿಪುಡಿ. ಮೇಲೊಂದು ಒಳ್ಳೇ ಎಲೆ ಸುತ್ತಿ, ಬ್ಯಾಂಡ್ ಅಂದ್ರೆ ಹೆಸರಿರೋ ಕಾಗದದ ಪಟ್ಟಿ ಅಂಟಿಸಿ ಬಿಟ್ಟಿದ್ರು.

ಹಾಗಾಗಿ ಅಸಲಿ ಬಾಕ್ಸಲ್ಲಿ ಏನೇನಿರುತ್ತೆ ಅಂತ ತಿಳ್ಕೊಂಡಿರಿ. ಮುಂದೆ ಹಸಿರು-ಬಿಳಿ ವಾರಂಟಿ ಸೀಲು, ಅದರಲ್ಲಿ ಹೊಲೊಗ್ರಾಮು, ಬಾರ್‌ಕೋಡು. ಬಾಕ್ಸ್ ತಿರುಗಿಸಿದ್ರೆ ತಳದಲ್ಲಿ ಸುಟ್ಟು ಒತ್ತಿದ ಅಕ್ಷರ, 'ಎಚೊ ಎನ್ ಕೂಬಾ' ಅಂದ್ರೆ ಕ್ಯೂಬಾದಲ್ಲಿ ಮಾಡಿದ್ದು, 'ತೊತಾಲ್ಮೆಂತೆ ಆ ಮಾನೊ' ಅಂದ್ರೆ ಪೂರ್ತಿ ಕೈಯಿಂದ ಮಾಡಿದ್ದು. ಎರಡನೇದು 1989ರಿಂದ ಹಾಕ್ತಿದಾರೆ. ಪಕ್ಕದಲ್ಲಿ ಶಾಯೀಲಿ ಫ್ಯಾಕ್ಟರಿ ಕೋಡು, ತಿಂಗಳು-ವರ್ಷದ ಮುದ್ರೆ, ತಿಂಗಳ ಹೆಸರು ಸ್ಪ್ಯಾನಿಷಲ್ಲಿರುತ್ತೆ, ಜನವರಿಗೆ ಎನೆ, ಆಗಸ್ಟಿಗೆ ಆಗೊ. ಇನ್ನು ಕೊಹಿಬಾ ಬ್ಯಾಂಡಲ್ಲಿ ಕಪ್ಪು ಮೇಲೆ ಬಿಳಿ ಚೌಕಗಳ ಸಾಲಿದೆ ಅಲ್ವಾ, ನಕಲಿಯಲ್ಲಿ ಆ ಚೌಕ ಅಂಚಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿರುತ್ತೆ, ನನ್ನದು ಹಾಗೇ ಇತ್ತು. ಆದ್ರೆ ಬ್ಯಾಂಡು, ಸೀಲು ಎಲ್ಲಾನೂ ಚೆನ್ನಾಗಿ ಕಾಪಿ ಹೊಡೆಯೋರು ಇದಾರೆ ಸ್ವಾಮಿ, ಕೊನೆಗೆ ಯಾವ ಅಂಗಡಿಯಿಂದ ಬಂತು ಅನ್ನೋದೇ ಮುಖ್ಯ. ಬಿಲ್ ಕೊಡದವನ ಹತ್ರ ತಗೋಬೇಡಿ, ಅದು ಬೀಚ್ ಇರ್ಲಿ, ಬೆಂಗಳೂರಿನ ಪಾರ್ಟಿ ಇರ್ಲಿ.

ಪ್ರಶ್ನೆ: ಹೊಸಬ ನಾನು, ಒಂದು ಬಾಕ್ಸ್ ಕ್ಯೂಬನ್ ತಗೊಂಡು ಶುರು ಮಾಡೋಣ ಅಂತ. ಯಾವುದು ತಗೊಳ್ಲಿ?
– ಬೆಂಗಳೂರು

ಉತ್ತರ: ಬಾಕ್ಸ್ ಬೇಡ. ಬಿಡಿಯಾಗಿ ಎರಡು, ಜಾಸ್ತಿ ಅಂದ್ರೆ ಮೂರು. ಕ್ಯೂಬನ್ನೂ ಬೇಡ, ಅದರಲ್ಲೂ ಕೊಹಿಬಾ ಅಂತೂ ಬೇಡ್ವೇ ಬೇಡ. 2022ರಲ್ಲಿ ಕೊಹಿಬಾ, ತ್ರಿನಿದಾದ್ ಅನ್ನೋ ಎರಡೂ ಕ್ಯೂಬನ್ ಬ್ರ್ಯಾಂಡಿನ ರೇಟನ್ನ ಪ್ರಪಂಚದಾದ್ಯಂತ ಒಂದೇ ಮಟ್ಟಕ್ಕೆ ಏರಿಸಿದ್ರು, ಅದೇ ವರ್ಷ ಸೆಪ್ಟೆಂಬರಲ್ಲಿ ಇಯಾನ್ ಚಂಡಮಾರುತ ಬಂದು ಕ್ಯೂಬಾದ ಪಶ್ಚಿಮದ ಪಿನಾರ್ ದೆಲ್ ರಿಯೊ ಕಡೆ ಎಲೆ ಒಣಗಿಸೋ ಸಾವಿರಾರು ಕೊಟ್ಟಿಗೆಗಳನ್ನ ಮಲಗಿಸಿಬಿಡ್ತು. ಕ್ಯೂಬಾದ ಒಳ್ಳೇ ಹೊಗೆಸೊಪ್ಪು ಬಹುಪಾಲು ಬೆಳೆಯೋದು ಆ ಭಾಗದಲ್ಲೇ. ಈಗ ಹೆಸರಿಗೆ ದುಡ್ಡು ಕೊಡೋದು ಹೊಸಬರಿಗೆ ಲುಕ್ಸಾನು.

ನಿಕರಾಗುವಾದ ಎಸ್ತೆಲಿ, ಡೊಮಿನಿಕನ್ ರಿಪಬ್ಲಿಕ್‌ನ ಸಾಂತಿಯಾಗೊ, ಈ ಎರಡು ಊರಿನ ಹೆಸರು ನೆನಪಿಟ್ಕೊಳಿ. ಕ್ರಾಂತಿ ಆದ್ಮೇಲೆ ಕ್ಯೂಬಾ ಬಿಟ್ಟು ಬಂದ ಎಷ್ಟೋ ಮನೆತನಗಳು ಕಸುಬು ಮುಂದುವರೆಸಿದ್ದು ಈ ಕಡೇನೇ. ಪದ್ರೋನ್ ಅನ್ನೋ ಕಂಪನಿ 1964ರಲ್ಲಿ ಮಯಾಮಿಯಲ್ಲಿ ಶುರುವಾಗಿದ್ದು, ಇವತ್ತು ಅವರ ಸಿಗಾರನ್ನ ಕ್ಯೂಬನ್ನಿಗೆ ಸಮ ಅನ್ನೋರೂ ಇದಾರೆ, ನಾನಂತೂ ಒಂದು ಕೈ ಮೇಲೇ ಅಂತೀನಿ. ಹೊಸಬರಿಗೆ ಕನೆಕ್ಟಿಕಟ್ ಹೊರಎಲೆ ಇರೋದು ಸರಿ, ತಿಳಿ ಬಣ್ಣ, ಘಾಟು ಕಮ್ಮಿ. ಸೈಜು ರೊಬಸ್ಟೊ, ಅಂದ್ರೆ 124 ಮಿಲಿಮೀಟರ್ ಉದ್ದ, 50 ರಿಂಗು. ರಿಂಗ್ ಅಂದ್ರೆ ಇಂಚಿನ 64ನೇ ಒಂದು ಭಾಗ, ದಪ್ಪದ ಲೆಕ್ಕ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರುತ್ತೆ. ಊಟ ಆದ್ಮೇಲೆ ಕೂತ್ಕೊಳಿ, ನಿಮಿಷಕ್ಕೊಂದು ಸಲ ಎಳೆದ್ರೆ ಸಾಕು, ಬೀಡಿ ಥರ ಪುಸಪುಸ ಎಳೆದ್ರೆ ಬಿಸಿಯಾಗಿ ಕಹಿ ಹತ್ತುತ್ತೆ. ತಲೆ ಸುತ್ತಿ ಬೆವರು ಬಂದ್ರೆ ಆರೋಕೆ ಬಿಟ್ಟು ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ನೀರು ಕುಡೀರಿ, ಹೀರೋಗಿರಿ ಬೇಡ.

ಪ್ರಶ್ನೆ: ಸರ್ರ, ನಮ್ಮ ಕಡೆ ಬ್ಯಾಸಗ್ಯಾಗ ಬಿಸಲು ಹೆಂಗ ಇರ್ತೈತಿ ನಿಮಗ ಗೊತ್ತೈತಲ್ಲ. ದುಬೈದಿಂದ ತಂದಿದ್ದು 10 ಸಿಗಾರ್ ಕಪಾಟಿನ್ಯಾಗ ಇಟ್ಟಿದ್ನಿ, ಮುಟ್ಟಿದ್ರ ಹಪ್ಪಳ ಮುರದಂಗ ಮುರೀತಾವ. ಫ್ರಿಜ್ಜಿನ್ಯಾಗ ಇಡಬೇಕಿತ್ತೇನು?
– ವಿಜಯಪುರ

ಉತ್ತರ: ಫ್ರಿಜ್ ಇನ್ನೂ ಕೆಟ್ಟದು, ಅದು ತೇವ ಎಲ್ಲ ಹೀರ್ಕೊಳುತ್ತೆ, ಮೇಲಿಂದ ನಿನ್ನೆಯ ಬೆಳ್ಳುಳ್ಳಿ ಚಟ್ನಿ ವಾಸನೆ ಬೇರೆ ಹತ್ತುತ್ತೆ. ಸಿಗಾರಿಗೆ ಬೇಕಿರೋದು 65ರಿಂದ 70 ಪರ್ಸೆಂಟ್ ತೇವ, 18ರಿಂದ 21 ಡಿಗ್ರಿ ತಂಪು. ಹ್ಯುಮಿಡಾರ್ ಅಂತ ಸಿಗಾರಿನ ತೇವ ಕಾಯೋ ಮರದ ಪೆಟ್ಟಿಗೆ ಬರುತ್ತೆ, ಚಂದವೇ, ಆದ್ರೆ ಅದಕ್ಕೆ ಸುರಿಯೋ ದುಡ್ಡಲ್ಲಿ ನಾಲ್ಕು ಕಡೆ ಲಾಕ್ ಬೀಳೋ ಪ್ಲಾಸ್ಟಿಕ್ ಡಬ್ಬ, ಅದರೊಳಗೆ 65 ಅಥವಾ 69 ಅಂತ ನಂಬರಿರೋ ಹ್ಯುಮಿಡಿಟಿ ಪ್ಯಾಕು, ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರು ಎಲ್ಲಾ ಬಂದು ಇನ್ನೂ ಉಳಿಯುತ್ತೆ. ಆ ಪ್ಯಾಕು ತೇವ ಕಮ್ಮಿಯಾದ್ರೆ ಬಿಡುತ್ತೆ, ಜಾಸ್ತಿಯಾದ್ರೆ ಎಳ್ಕೊಳುತ್ತೆ, ಹಾಗಾಗಿ ವಿಜಯಪುರಕ್ಕೂ ಅದೇ, ಮಳೆಗಾಲದ ಮಂಗಳೂರಿಗೂ ಅದೇ. ಹೈಗ್ರೋಮೀಟರ್ ಸುಳ್ಳು ಹೇಳ್ತಿದೆಯಾ ಅಂತ ನೋಡೋಕೆ ಬಾಟ್ಲಿ ಮುಚ್ಚಳಕ್ಕೆ ಒಂದು ಚಮಚ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗೋಷ್ಟು ನಾಲ್ಕು ಹನಿ ನೀರು ಬಿಟ್ಟು, ಎರಡನ್ನೂ ಜಿಪ್ ಕವರಲ್ಲಿ ಮುಚ್ಚಿಡಿ. ಬೆಳಗ್ಗೆ 75 ತೋರಿಸ್ಬೇಕು. 71 ತೋರಿಸಿದ್ರೆ ನಿಮ್ಮದು 4 ಕಮ್ಮಿ ಹೇಳೋ ಗಡಿಯಾರ ಅಂತ ಲೆಕ್ಕ.

ಒಣಗಿರೋದನ್ನ ಎಸೀಬೇಡಿ, ಡಬ್ಬದಲ್ಲಿಟ್ಟು ಒಂದೆರಡು ತಿಂಗಳು ಮರೆತುಬಿಡಿ, ಪೂರ್ತಿ ಮೊದಲಿನ ಹಾಗಾಗಲ್ಲ ಆದ್ರೂ ಸೇದೋ ಹಾಗಾಗುತ್ತೆ. ಅವಸರಕ್ಕೆ ನೀರು ಚಿಮುಕಿಸಿದ್ರೆ ಹೊರಎಲೆ ಬಿರಿಯುತ್ತೆ.

ನಿಮ್ಮೂರಿನ ಬಿಸಿಲಿಗೆ ಇನ್ನೊಂದು ಹೆದರಿಕೆ ಇದೆ, ಹುಳ. 24 ಡಿಗ್ರಿ ದಾಟಿದ್ರೆ ಎಲೆಯೊಳಗಿನ ಮೊಟ್ಟೆ ಒಡೆಯೋಕೆ ಶುರು, ಅಕ್ಕಿ ಡಬ್ಬದಲ್ಲಿ ಹುಳ ಬಿದ್ದ ಹಾಗೆ ಒಂದರಿಂದ ಒಂದಕ್ಕೆ ದಾಟುತ್ತೆ. ಒಂದು ಏಪ್ರಿಲಲ್ಲಿ ನನ್ನ ಡಬ್ಬ ತೆಗೆದ್ರೆ ಸಿಗಾರುಗಳ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ತೂತು, ತಳದಲ್ಲಿ ಕಾಫಿಪುಡಿ ಥರ ಧೂಳು. ತೂತು ಬಿದ್ದವನ್ನ ಎಸೆದು ಉಳಿದದ್ದನ್ನ ಜಿಪ್ ಕವರಲ್ಲಿ ಹಾಕಿ ಫ್ರೀಜರಲ್ಲಿ 3 ದಿನ, ಆಮೇಲೆ ಒಂದು ದಿನ ಕೆಳಗಿನ ಫ್ರಿಜ್ಜಲ್ಲಿ, ಆಮೇಲೆ ಹೊರಗೆ. ಫ್ರಿಜ್ ಉಪಯೋಗಕ್ಕೆ ಬರೋದು ಇದೊಂದಕ್ಕೇ, ಅದೂ ಗಾಳಿಯಾಡದ ಕವರೊಳಗೆ.

ಪ್ರಶ್ನೆ: ನಮ್ಮಪ್ಪ ಪಿರಿಯಾಪಟ್ಟಣದಲ್ಲಿ 30 ವರ್ಷದಿಂದ ತಂಬಾಕು ಬೆಳೀತಿದಾರೆ, ಎಲೆ ಒಣಗಿಸೋ ಬ್ಯಾರನ್ ನಮ್ದೇ ಇದೆ. ಇದೇ ಎಲೇಲಿ ಸಿಗಾರ್ ಸುತ್ತಿ ಮಾರಿದ್ರೆ ಹರಾಜಿಗಿಂತ ಒಳ್ಳೇ ದುಡ್ಡು ಬರಲ್ವಾ?

ಉತ್ತರ: ಈ ಸಲದ ಬೆಸ್ಟ್ ಪ್ರಶ್ನೆ ಇದು, ಆದ್ರೆ ಉತ್ತರ ಇಲ್ಲ ಅಂತಲೇ ಹೇಳ್ಬೇಕು. ನಿಮ್ಮದು ವರ್ಜೀನಿಯಾ ತಂಬಾಕು. ಹಸಿ ಎಲೆ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಸೌದೆ ಉರಿ ಕೊಟ್ಟು, ಎಲೆ ಹಳದಿಗೆ ತಿರುಗಿದ ಹೊತ್ತಲ್ಲಿ ಶಾಖ ಏರಿಸಿ ಒಂದು ವಾರದೊಳಗೆ ಮುಗಿಸ್ತೀರಿ. ಆ ಶಾಖಕ್ಕೆ ಎಲೆ ಅಲ್ಲಿಗೇ ಸತ್ತು ಅದರ ಸಕ್ಕರೆ ಒಳಗೇ ಉಳಿಯುತ್ತೆ, ಸಿಗರೇಟ್ ಕಂಪನಿಗಳಿಗೆ ಬೇಕಾಗಿರೋದೂ ಅದೇ. ಸಿಗಾರಿನ ಎಲೆಗೆ ಬೆಂಕಿಯೇ ಇಲ್ಲ. ಕ್ಯೂಬಾದಲ್ಲಿ ಹೆಂಗಸರು ದಬ್ಬಳದಂಥ ಸೂಜಿ ದಾರದಲ್ಲಿ ಎರಡೆರಡು ಎಲೆ ಬೆನ್ನಿಗೆ ಬೆನ್ನು ಹಚ್ಚಿ ಪೋಣಿಸಿ ಗಳಕ್ಕೆ ಕಟ್ತಾರೆ, ನಮ್ಮಲ್ಲಿ ಮೊಗ್ಗಿನ ಜಡೆಗೆ ಮೊಗ್ಗು ಪೋಣಿಸೋಷ್ಟೇ ಸಲೀಸಾಗಿ, ಆಮೇಲೆ ಆ ಗಳ ಗಾಳಿಯಾಡೋ ಕೊಟ್ಟಿಗೇಲಿ ಸುಮಾರು 50 ದಿನ ನೇತಾಡುತ್ತೆ. ಎಲೆ ನಿಧಾನಕ್ಕೆ ಸಾಯುತ್ತೆ, ಸಾಯೋಷ್ಟರಲ್ಲಿ ತನ್ನ ಸಕ್ಕರೆ ತಾನೇ ತಿಂದು ಮುಗಿಸಿರುತ್ತೆ. ಆಮೇಲೆ ರಾಶಿ ಹಾಕಿ ಹುದುಗಿಗೆ ಬಿಡ್ತಾರೆ, ಗೊಬ್ಬರದ ಗುಂಡಿ ಥರ ಒಳಗೇ ಬಿಸಿಯಾಗಿ ಅಮೋನಿಯಾ ಘಾಟು ಮೂಗಿಗೆ ಹೊಡೆಯುತ್ತೆ, ಬಿಸಿ ಮಿತಿ ಮೀರೋ ಮುಂಚೆ ರಾಶಿ ಬಿಚ್ಚಿ ಒಳಗಿನದ್ದು ಹೊರಗೆ ಹೊರಗಿನದ್ದು ಒಳಗೆ ಮಾಡಿ ಮತ್ತೆ ಕಟ್ತಾರೆ. ಇದೆಲ್ಲ ಆಗಿ ಮೂಟೇಲಿ ಇನ್ನೂ ವರ್ಷಗಟ್ಟಲೆ ಮಲಗ್ಬೇಕು.

ಒಂದು ವಿಷಯ ಮಾತ್ರ ನಿಮ್ಮಪ್ಪಾವ್ರಿಗೆ ಹೇಳದೇನೇ ಅರ್ಥ ಆಗುತ್ತೆ. ಗಿಡದ ಕೆಳಗಿನ ಎಲೆ ಬೇರೆ, ನಡುವಿಂದು ಬೇರೆ, ತುದೀದು ಬೇರೆ. ಅಲ್ಲಿ ಕೆಳಗಿಂದು ವೊಲಾದೊ, ಚೆನ್ನಾಗಿ ಉರಿಯೋಕೆ. ನಡುವಿಂದು ಸೆಕೊ, ಪರಿಮಳಕ್ಕೆ. ಬಿಸಿಲು ಕುಡಿದ ಮೇಲಿನ ದಪ್ಪ ಎಲೆ ಲಿಗೆರೊ, ಘಾಟಿಗೆ. ಲಿಗೆರೊ ನಿಧಾನ ಉರಿಯೋದ್ರಿಂದ ಸುತ್ತೋವಾಗ ಸರಿಯಾಗಿ ನಡುವಿಗೇ ಇಡ್ತಾರೆ, ಇಲ್ಲಾಂದ್ರೆ ಒಂದು ಪಕ್ಕ ಓಡಿ ಇನ್ನೊಂದು ಪಕ್ಕ ನಿಲ್ಲುತ್ತೆ. ಅಪ್ಪನ್ನ ಒಂದ್ಸಲ ಎಸ್ತೆಲಿಗೆ ಕರ್ಕೊಂಡು ಹೋಗಿ, ಭಾಷೆ ಬರ್ದೇ ಇದ್ರೂ ಆ ರೈತರ ಜೊತೆ ದಿನವಿಡೀ ಮಾತಾಡ್ತಾರೆ.

ಪ್ರಶ್ನೆ: ಹೊಗೆ ಒಳಗೆ ಎಳೆಯಲ್ಲ, ಹಾಗಾಗಿ ಸಿಗರೇಟಿಗಿಂತ ಸೇಫ್ ಅಂತ ನನ್ನ ವಾದ, ನನ್ನಾಕೆ ಒಪ್ತಿಲ್ಲ. ನೀವೇ ಹೇಳಿ.
– ಶಿವಮೊಗ್ಗ

ಉತ್ತರ: ಅವರು ಹೇಳಿದ್ದೇ ಸರಿ. ಮೇಲೆ ಹೇಳಿದ ಅದೇ ಸಕ್ಕರೆ ಇಲ್ಲದ ಎಲೆಯ ಹೊಗೆ ಕ್ಷಾರ, ಆ ಹೊಗೇಲಿರೋ ನಿಕೋಟಿನ್ ಬಾಯಿಯ ತೊಗಲಿಂದಲೇ ರಕ್ತಕ್ಕೆ ಹೋಗುತ್ತೆ, ಶ್ವಾಸಕೋಶದ ಹಂಗೇ ಬೇಡ. ಒಂದು ದೊಡ್ಡ ಸಿಗಾರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಎಲ್ಲಾ ಕಡೆ ಕ್ಯಾನ್ಸರಿಗೆ ಇದೂ ಕಾರಣ. ನಾನು ತಿಂಗಳಿಗೆ ಒಂದಕ್ಕೆ ಇಳಿದಿದೀನಿ, ಅದೂ ಸೇಫ್ ಅಂತ ಅಲ್ಲ. ಬಾಲ್ಕನೀಲಿ ಮಕ್ಕಳಿದ್ರೆ ಹಚ್ಚಲೇಬೇಡಿ.

ಪ್ರಶ್ನೆ: ಗಲ್ಫಿಂದ ಬರೋವಾಗ ಎಷ್ಟು ತರಬಹುದು? ತಮ್ಮನಿಗೆ 19, ಅವನ ಕೈಲಿ ಊರಲ್ಲಿ ತರಿಸಬಹುದಾ?
– ಉಡುಪಿ

ಉತ್ತರ: ಡ್ಯೂಟಿ ಇಲ್ಲದೆ 25 ಸಿಗಾರು, ಇಲ್ಲಾಂದ್ರೆ 100 ಸಿಗರೇಟು, ಎರಡರಲ್ಲಿ ಒಂದು. ಬಿಲ್ ಜೇಬಲ್ಲಿರ್ಲಿ. ತಮ್ಮನ ಸುದ್ದಿ ಬಿಡಿ, ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಯಾವ ತಂಬಾಕೂ ಮಾರೋ ಹಾಗಿಲ್ಲ.

ಪ್ರಶ್ನೆ: ಅರ್ಧಕ್ಕೆ ಆರಿಹೋದ್ರೆ ಮತ್ತೆ ಹಚ್ಚಬಹುದಾ? ರೇಟ್ ನೋಡಿದ್ರೆ ಎಸೆಯೋಕೆ ಮನಸ್ಸು ಬರಲ್ಲ.
– ದಾವಣಗೆರೆ

ಉತ್ತರ: ಅರ್ಧ ಗಂಟೆಯೊಳಗೆ ಆದ್ರೆ ಧಾರಾಳವಾಗಿ. ಬೂದಿ ಉದುರಿಸಿ, ಒಂದ್ಸಲ ಸಿಗಾರೊಳಗಿಂದ ಹೊರಗಡೆಗೆ ಊದಿ ಹಳೇ ಹೊಗೆ ಹೊರಹಾಕಿ, ಆಮೇಲೆ ಹಚ್ಚಿ. ನಾಳೆಗೆ ಅಂತ ಎತ್ತಿಟ್ರೆ ಮಾತ್ರ ಕೆಟ್ಟಿರಿ, ಅದು ಹಳಸಿದ ಸಾರು, ಎಷ್ಟು ಕುದಿಸಿದ್ರೂ ಅಷ್ಟೇ. ಅಷ್ಟೊಂದು ಸಲ ಅರ್ಧಕ್ಕೆ ನಿಲ್ತಿದ್ರೆ ಮುಂದಿನ ಸಲ ರೊಬಸ್ಟೊ ಬಿಟ್ಟು ಪೆಟಿಟ್ ಕರೋನಾ ಅನ್ನೋ ಸೈಜು ತಗೊಳಿ, ತೆಳ್ಳಗಿರುತ್ತೆ, ಕಮ್ಮಿ ದುಡ್ಡಿಗೂ ಸಿಗುತ್ತೆ.