ಫೋರ್ಟ್‌ನೈಟ್ ಅಂದರೆ ಹದಿನಾಲ್ಕೋ, ಹದಿನೈದೋ?

ಶಿರಸಿ ಕಡೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾಳೆ. ಅಮೆರಿಕದ ತಂಡಕ್ಕೆ ‘ಕೆಲಸ ಒಂದು ಫೋರ್ಟ್‌ನೈಟ್‌ನಲ್ಲಿ ಮುಗಿಯುತ್ತದೆ’ ಅಂತ ಮೇಲ್ ಹಾಕಿದಳಂತೆ. ಅಲ್ಲಿಂದ ಒಬ್ಬ ‘ಅದು ವಿಡಿಯೊ ಗೇಮ್ ಅಲ್ವಾ?’ ಎಂದು ಕೇಳಿದನಂತೆ. ಮಗಳು ಫೋನ್ ಮಾಡಿ, ‘ಅಪ್ಪ, ನೀವು ಕಲಿಸಿದ್ದು ಅಜ್ಜನ ಕಾಲದ ಇಂಗ್ಲಿಷು’ ಎಂದು ಗೊಣಗಿದ್ದಾಳೆ. ಈ ಪದ ನಿಜಕ್ಕೂ ಹಳತಾಯಿತೇ, ಅದು 14 ದಿನವೋ 15 ದಿನವೋ, ಅದರ ಬದಲು ಬೈವೀಕ್ಲಿ ಎಂದರೆ ನಡೆಯುತ್ತದೆಯೇ ಎಂದು ಮೇಷ್ಟ್ರು ಕೇಳಿದ್ದಾರೆ. ಕೊನೆಗೆ ನಮಗೂ ಒಂದು ಕುಟುಕು: ‘ನಿಮ್ಮದು ಫೋರ್ಟ್‌ನೈಟ್ಲಿ ಪತ್ರಿಕೆ. ವರ್ಷಕ್ಕೆ 26 ಸಂಚಿಕೆ ಬರಬೇಕು. 24 ಬರುತ್ತಿದೆ. ಉಳಿದೆರಡು ಎಲ್ಲಿ?’

ಮೇಷ್ಟ್ರೇ, ನಿಮ್ಮ ಇಂಗ್ಲಿಷಿಗೆ ಏನೂ ಆಗಿಲ್ಲ. ಆ ಪದ ಅಮೆರಿಕದಲ್ಲಿ ಓಡುವುದಿಲ್ಲ, ಅಷ್ಟೇ. ಅಲ್ಲಿ ಸುಮ್ನೆ ‘ಟೂ ವೀಕ್ಸ್’ ಅಂತಾರೆ. ಬ್ರಿಟನ್ನಿನಲ್ಲಿ, ಐರ್ಲೆಂಡಿನಲ್ಲಿ ಇದು ದಿನಬಳಕೆಯ ಪದ. ಆಸ್ಟ್ರೇಲಿಯಾದಲ್ಲಂತೂ ಇನ್ನೂ ಜಾಸ್ತಿ. ಅಲ್ಲಿ ಎಷ್ಟೋ ಕಡೆ ಸಂಬಳ, ಮನೆ ಬಾಡಿಗೆ, ಸರ್ಕಾರ ಕೊಡುವ ಪಿಂಚಣಿ ಎಲ್ಲವೂ ಫೋರ್ಟ್‌ನೈಟ್ ಲೆಕ್ಕದಲ್ಲೇ. ಮೆಲ್ಬರ್ನಿಗೆ ಹೋದ ನಮ್ಮ ಹುಡುಗರಿಗೆ ಈ ಪದ ಮೊದಲ ತಿಂಗಳಲ್ಲೇ ಬಾಯಿಪಾಠ ಆಗುತ್ತದೆ, ಬಾಡಿಗೆ ಕಟ್ಟಬೇಕಲ್ಲ! ವಿಡಿಯೊ ಗೇಮಿನ ಹೆಸರು ಬೇರೆ. 2017ರಲ್ಲಿ ಬಂದ ಆ ಆಟದಲ್ಲಿ ಕೋಟೆ ಕಟ್ಟುವುದೂ ಇದೆ, ರಾತ್ರಿಯೂ ಇದೆ. ಎರಡನ್ನೂ ಸೇರಿಸಿ ಹಳೆಯ ಪದದ ಮೇಲೆ ಶ್ಲೇಷೆ ಮಾಡಿದ್ದಾರೆ.

ನಿಜವಾದ ಪದದಲ್ಲಿ ಕೋಟೆ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹದಿನಾಲ್ಕು ರಾತ್ರಿ’ ಎಂಬ ಎರಡು ಮಾತು ಸವೆದು ಒಂದಾಗಿ ಫೋರ್ಟ್‌ನೈಟ್ ಆಯಿತು. ಹಾಗಾಗಿ 14, ಅದರಲ್ಲಿ ಅನುಮಾನ ಬೇಡ. ದಿನ ಬಿಟ್ಟು ರಾತ್ರಿ ಎಣಿಸುವುದು ಆ ಜನರ ಹಳೆಯ ರೂಢಿ. ಇಂಗ್ಲಿಷರ ಪೂರ್ವಿಕರು ಸೇರಿದ್ದ ಜರ್ಮನ್ ಬುಡಕಟ್ಟಿನವರು ಹಗಲುಗಳನ್ನಲ್ಲ, ರಾತ್ರಿಗಳನ್ನು ಎಣಿಸುತ್ತಾರೆ ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೇ ಬರೆದಿಟ್ಟಿದ್ದಾನೆ. ನಮಗೆ ಇದು ವಿಚಿತ್ರ ಅನ್ನಿಸಬಾರದು. ನವರಾತ್ರಿಯನ್ನು ನಾವು ಯಾವುದರಲ್ಲಿ ಎಣಿಸುತ್ತೇವೆ?

ಈ ಪದಕ್ಕೊಬ್ಬ ತಮ್ಮನೂ ಇದ್ದ. ಸೆನ್‌ನೈಟ್, ಅಂದರೆ ಏಳು ರಾತ್ರಿ. ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲಿಷ್ ಕಾದಂಬರಿಗಳಲ್ಲಿ ಸಿಗುತ್ತಾನೆ, ಆಮೇಲೆ ನಾಪತ್ತೆ. ಅಜ್ಜನ ಕಾಲದ್ದು ಅಂದರೆ ಅದನ್ನು ಅನ್ನಬೇಕು. ಏಳು ದಿನಕ್ಕೆ ‘ವೀಕ್’ ಇದ್ದೇ ಇತ್ತು, ಹಾಗಾಗಿ ಅವನು ಯಾರಿಗೂ ಬೇಕಾಗಲಿಲ್ಲ. ಹದಿನಾಲ್ಕಕ್ಕೆ ಬೇರೆ ಒಂಟಿ ಪದ ಇರಲಿಲ್ಲ, ಅಣ್ಣ ಉಳಿದುಕೊಂಡ. ಇದು ನನ್ನ ಅಂದಾಜು.

ಹಾಗಾದರೆ 15 ಎಲ್ಲಿಂದ ಬಂತು? ನಮ್ಮ ತಲೆಯೊಳಗಿಂದ. ಮೊದಲ ದಿನ, ಕೊನೆಯ ದಿನ ಎರಡನ್ನೂ ಎಣಿಸುವ ಅಭ್ಯಾಸ ನಮ್ಮದು. ಸೋಮವಾರದಿಂದ ಸೋಮವಾರಕ್ಕೆ ಎಂಟು. ಅದಕ್ಕೇ ‘ಎಂಟು ದಿನ ಬಿಟ್ಟು ಬಾ’ ಅಂದರೆ ಮುಂದಿನ ವಾರ ಬಾ ಅಂತ. ಎರಡು ವಾರಕ್ಕೆ ಹದಿನೈದು. ಫ್ರೆಂಚರೂ ಎರಡು ವಾರಕ್ಕೆ ಹದಿನೈದು ದಿನ ಅನ್ನುತ್ತಾರೆ. ವೇಲ್ಸ್ ಭಾಷೆಯಲ್ಲಿ ವಾರಕ್ಕೆ ಎಂಟು ರಾತ್ರಿ, ಎರಡು ವಾರಕ್ಕೆ ಹದಿನೈದು ರಾತ್ರಿ. ಇಂಗ್ಲಿಷಿನವರ ಪಕ್ಕದ ಮನೆಯಲ್ಲೇ ನಮ್ಮ ಲೆಕ್ಕ!

ಪಂಚಾಂಗದ ಪಕ್ಷವೂ ಸರಿಯಾಗಿ ಹದಿನೈದು ದಿನ ಅಲ್ಲ. ಹದಿನೈದು ಇರುವುದು ತಿಥಿಗಳು. ಚಾಂದ್ರಮಾಸ ಸುಮಾರು 29.53 ದಿನ, ಅರ್ಧ ಮಾಡಿದರೆ 14.77. ಹಾಗಾಗಿ ಪಕ್ಷ ಒಮ್ಮೆ 14 ದಿನ, ಒಮ್ಮೆ 15. ಅಪರೂಪಕ್ಕೆ 13 ದಿನಕ್ಕೂ ಇಳಿಯುತ್ತದೆ. ಅಂಥ ಪಕ್ಷವನ್ನು ಕೆಡುಕಿನ ಸೂಚನೆ ಎಂದು ವ್ಯಾಸರು ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುಂಚೆಯೇ ಎಚ್ಚರಿಸುತ್ತಾರೆ.

ಇನ್ನು ನಮ್ಮ 24 ಸಂಚಿಕೆಯ ತಕರಾರು. ನಾವು ತಿಂಗಳ 1ಕ್ಕೆ, 16ಕ್ಕೆ ಬರುತ್ತೇವೆ. ತಿಂಗಳಿಗೆ ಎರಡು, ವರ್ಷಕ್ಕೆ 24. ಪದವನ್ನು ಹಿಡಿದು ಜಗ್ಗಿದರೆ ಇದು ಫೋರ್ಟ್‌ನೈಟ್ಲಿ ಅಲ್ಲ, ಸೆಮಿ-ಮಂತ್ಲಿ. ಒಪ್ಪಿದೆ. ಆದರೆ ಈ ದೇಶದಲ್ಲಿ ನಾವು ಒಬ್ಬರೇ ಹೀಗಲ್ಲ. 2017ರ ಜೂನ್‌ವರೆಗೆ ಪೆಟ್ರೋಲ್ ದರ ಪರಿಷ್ಕರಣೆ ಆಗುತ್ತಿದ್ದದ್ದೂ ತಿಂಗಳಿಗೆ ಎರಡು ಸಲ, ಪತ್ರಿಕೆಗಳು ಬರೆಯುತ್ತಿದ್ದದ್ದು ಫೋರ್ಟ್‌ನೈಟ್ಲಿ ಅಂತಲೇ. ಇನ್ನೂ ದೊಡ್ಡ ಸಾಕ್ಷಿ ರಿಸರ್ವ್ ಬ್ಯಾಂಕ್ ಕಾಯ್ದೆ. ಅದರಲ್ಲಿ ಮೊದಲು ಫೋರ್ಟ್‌ನೈಟ್ ಅಂದರೆ ಶನಿವಾರದಿಂದ ಎರಡನೇ ಶುಕ್ರವಾರದವರೆಗೆ, ಅಚ್ಚುಕಟ್ಟಾಗಿ 14 ದಿನ. ಬ್ಯಾಂಕಿನಲ್ಲಿದ್ದವರಿಗೆ ‘ರಿಪೋರ್ಟಿಂಗ್ ಫ್ರೈಡೇ’ (ಆ 14 ದಿನದ ಕೊನೆಗೆ ಬರುವ, ರಿಸರ್ವ್ ಬ್ಯಾಂಕಿಗೆ ಲೆಕ್ಕ ತೋರಿಸಬೇಕಿದ್ದ ಶುಕ್ರವಾರ) ಎಂದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಬ್ಯಾಂಕಿಂಗ್ ಕಾನೂನುಗಳ 2025ರ ತಿದ್ದುಪಡಿ ಅದನ್ನು ಬದಲಿಸಿತು. ಈಗ 1ರಿಂದ 15 ಒಂದು ಫೋರ್ಟ್‌ನೈಟ್, 16ರಿಂದ ತಿಂಗಳ ಕೊನೆಯವರೆಗೆ ಇನ್ನೊಂದು. ಅಂದರೆ ಫೆಬ್ರುವರಿಯಲ್ಲಿ 13 ದಿನದ ಫೋರ್ಟ್‌ನೈಟ್, ಜನವರಿಯಲ್ಲಿ 16 ದಿನದ್ದು. ಸಂಸತ್ತೇ ಹೀಗೆ ಬರೆದ ಮೇಲೆ ನಮ್ಮ ಮೇಲೆ ಇನ್ನೆಂಥ ಕೇಸು? ಎರಡು ಸಂಚಿಕೆ ಬಾಕಿ ಇಲ್ಲ.

ಬೈವೀಕ್ಲಿ ಮಾತ್ರ ಬೇಡವೇ ಬೇಡ. ನಿಘಂಟುಗಳು ಅದಕ್ಕೆ ಎರಡು ಅರ್ಥ ಕೊಡುತ್ತವೆ: ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ. ಬೈಮಂತ್ಲಿಯದ್ದೂ ಅದೇ ಗೋಳು. ಅಮೆರಿಕದ ಸಂಬಳದ ಲೆಕ್ಕದಲ್ಲಿ ಮಾತ್ರ ಅದರ ಅರ್ಥ ಗಟ್ಟಿ: ಬೈವೀಕ್ಲಿ ಎಂದರೆ ಸಾಮಾನ್ಯವಾಗಿ ವರ್ಷಕ್ಕೆ 26 ಸಂಬಳ, ಸೆಮಿ-ಮಂತ್ಲಿ ಎಂದರೆ 24. ಸೋಮವಾರದ ಮೀಟಿಂಗ್‌ಗೆ ಬೈವೀಕ್ಲಿ ಎಂದು ಬರೆದರೆ ಅರ್ಧ ಜನ ಗುರುವಾರವೂ ಬಂದು ಕೂರುತ್ತಾರೆ. ಈ ಗೊಂದಲ ಇಲ್ಲದ ಪದ ಫೋರ್ಟ್‌ನೈಟ್. ಅದನ್ನು ಕೈಬಿಟ್ಟ ಅಮೆರಿಕದವರಿಗೇ ನಷ್ಟ ಅನ್ನುವುದು ನನ್ನ ಅಭಿಪ್ರಾಯ.

ಬಳಸುವಾಗ ಒಂದೆರಡು ಎಚ್ಚರ. ‘ಫೋರ್ಟ್‌ನೈಟ್ ಡೇಸ್’ ಎಂದು ಬರೆಯುವವರಿದ್ದಾರೆ, ದಿನ ಅದರೊಳಗೇ ಇದೆ. ‘ಮಂಡೇ ಫೋರ್ಟ್‌ನೈಟ್’ ಎಂದರೆ ಬರುವ ಸೋಮವಾರ ಅಲ್ಲ, ಅದಾಗಿ ಎರಡು ವಾರಕ್ಕೆ. ನೋಟಿಸು, ಕರಾರು, ಸಾಲದ ಕಾಗದಗಳಲ್ಲಿ ಈ ಪದ ಬೇಡ, 14 ದಿನ ಅಥವಾ 15 ದಿನ ಎಂದು ಅಂಕಿಯಲ್ಲೇ ಹಾಕಿ.

ನಿಮ್ಮ ಮಗಳಿಗೆ ಹೇಳಿ: ಲಂಡನ್ನಿಗೋ ಸಿಡ್ನಿಗೋ ಬರೆಯುವಾಗ ಧೈರ್ಯವಾಗಿ ಫೋರ್ಟ್‌ನೈಟ್ ಅನ್ನಲಿ. ಅಮೆರಿಕದ ತಂಡಕ್ಕೆ ‘ಟೂ ವೀಕ್ಸ್’ ಸಾಕು, ಜೊತೆಗೆ ಮುಗಿಸುವ ತಾರೀಕು ಹಾಕಲಿ. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಲಿ. ಅವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುವವರು. ನಮ್ಮ 5-6 ಅವರಿಗೆ ಮೇ ತಿಂಗಳ ಆರು.