ಪುಣೆಯಲ್ಲಿ ಬಾಣಂತಿ ಮನೆಗೆ ಯಾರು ಬರುತ್ತಾರೆ?

ಬೆಂಗಳೂರು ಕಡೆಯಿಂದ ಪುಣೆಗೆ ಬಂದವರು ಕೇಳುತ್ತಿರುತ್ತಾರೆ, ಇಲ್ಲಿ ಹಸುಗೂಸು ನೋಡೋಕೆ ಮನೆಗೇ ಯಾರಾದರೂ ಬರುತ್ತಾರಾ ಅಂತ. ಬರುತ್ತಾರೆ, ಆಶಾ ಕಾರ್ಯಕರ್ತೆಯರು. ಆದರೆ ವಾಚ್‌ಮನ್ ಇರುವ ಅಪಾರ್ಟ್‌ಮೆಂಟ್ ಸೊಸೈಟಿಗಿಂತ ವಸ್ತಿಗಳಲ್ಲೇ, ಅಂದರೆ ಕೊಳೆಗೇರಿಗಳಲ್ಲೇ, ಅವರ ಓಡಾಟ ಜಾಸ್ತಿ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೇ ದಿನ ಬರಬೇಕು. ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ. ಆಮೇಲೆ 3ನೇ ತಿಂಗಳಿಂದ 15ನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ. ಹಸುಗೂಸನ್ನು ಮನೆಗೇ ಹೋಗಿ ನೋಡುವ ಈ ಪದ್ಧತಿಯ ಬೇರು ಮಹಾರಾಷ್ಟ್ರದಲ್ಲೇ ಇದೆ. ಗಡಚಿರೋಲಿಯ ಹಳ್ಳಿ ಹೆಂಗಸರಿಗೆ ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ಇದನ್ನು ಕಲಿಸಿದರು. ಅಲ್ಲಿ ಹಸುಗೂಸುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. 2011ರಲ್ಲಿ ಕೇಂದ್ರ ಸರ್ಕಾರ ಇದನ್ನು ದೇಶಕ್ಕೆಲ್ಲ ತಂದಿತು.

ಬಂದವರು ಮೊದಲು ಕೈ ತೊಳೆಯುತ್ತಾರೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡುತ್ತಾರೆ. ಮಗುವನ್ನು ಜೋಳಿಗೆಯಲ್ಲಿ ಮಲಗಿಸಿ ತೂಕದ ಕೊಕ್ಕೆಗೆ ನೇತುಹಾಕಿದರೆ ಅಜ್ಜಿಯ ಜೀವ ಬಾಯಿಗೆ ಬರುತ್ತದೆ! ಆಮೇಲೆ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದವಾಖಾನೆಗೆ ಕಳಿಸುತ್ತಾರೆ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಆರು ತಿಂಗಳು ಎದೆಹಾಲು ಬಿಟ್ಟು ಜೇನುತುಪ್ಪವನ್ನೂ ನೆಕ್ಕಿಸಬೇಡಿ ಅನ್ನುತ್ತಾರೆ. ಇದೆಲ್ಲ ಮರಾಠಿಯಲ್ಲಿ. ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ ಕಡೆಯ ನಮಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹಾಗಾಗಿ ತೊಂದರೆಯಿಲ್ಲ. ಸಿಂದಗಿಯಿಂದ ಹೊಸದಾಗಿ ಬಂದ ಸೊಸೆ ಮಾತ್ರ ಸುಮ್ನೆ ತಲೆ ಆಡಿಸುತ್ತಾಳೆ. ಅವಳಿಗೆ ಕೇಳಿದ ಪ್ರಶ್ನೆಗೆಲ್ಲ ಅತ್ತೆಯೇ ಉತ್ತರ ಕೊಡುತ್ತಾಳೆ. ಹಾಲು ಕುಡಿಸುವಾಗ ನೋವಾಗುತ್ತದಾ ಅನ್ನೋದು ಅತ್ತೆಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನಮ್ಮವರಿಗೆ ತಪ್ಪಿಹೋಗೋದು ಬೇರೆ ಕಡೆ. ಹೆರಿಗೆಗೆ ತವರಿಗೆ ಹೋಗುತ್ತಾರೆ, ಇಂಡಿ ಊರಿಗೋ ಜತ್ತಕ್ಕೋ. ಮೊದಲ ಭೇಟಿಗಳು ಅಲ್ಲೇ ಮುಗಿಯುತ್ತವೆ. ತೊಟ್ಟಿಲು ಹಾಕಿ, ಬಾಣಂತನ ಮುಗಿಸಿ ಪುಣೆಗೆ ಬಂದಾಗ, ಈ ಮನೆಯಲ್ಲಿ ಒಂದು ಕೂಸಿದೆ ಅಂತ ಇಲ್ಲಿಯ ಆಶಾಗೆ ಗೊತ್ತೇ ಇರೋದಿಲ್ಲ. ಕಟ್ಟಡ ಕೆಲಸದವರ ಪಾಡು ಇನ್ನೂ ಕಷ್ಟ, ಒಂದು ಸೈಟ್ ಮುಗಿದರೆ ಶೆಡ್ಡೇ ಬದಲಾಗುತ್ತದೆ. ಅದಕ್ಕೇ ವಾಪಸ್ ಬಂದ ವಾರದಲ್ಲೇ ತಾಯಿ ಕಾರ್ಡ್ ಹಿಡಿದು ಹತ್ತಿರದ ಅಂಗನವಾಡಿಗೋ ಮಹಾನಗರಪಾಲಿಕೆ ದವಾಖಾನೆಗೋ ಹೋಗಿ ಹೆಸರು ಬರೆಸಿ. ಕರ್ನಾಟಕದ ಕಾರ್ಡ್ ಆದರೂ ಬಿಸಾಡಬೇಡಿ, ಹಾಕಿಸಿದ ಲಸಿಕೆಗಳ ತಾರೀಖು ಅದರಲ್ಲೇ ಇರುತ್ತದೆ.

ಮಗು ಹಾಲು ಎಳೆಯದಿದ್ದರೆ, ಮೈ ತಣ್ಣಗಾದರೆ, ಆಶಾ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮರಾಠಿ ಬರದಿದ್ದರೆ ಪಕ್ಕದ ಮನೆಯವರ ಕೈಗೆ ಫೋನ್ ಕೊಡಿ.